ಹೋಗಿ ಬರುವ ಪ್ರೀತಿ

2003ರಲ್ಲಿ ಎರಡು ಸಿನಿಮಾ ಬಂದವು. ಒಂದು ಡಿಸ್ನಿಯವರ ‘ದಿ ಲಿಝಿ ಮೆಗ್ವಾಯರ್ ಮೂವಿ’. ಎಂಟನೇ ಇಯತ್ತೆ ಮುಗಿಸಿದ ಅಮೆರಿಕದ ಹುಡುಗಿಯೊಬ್ಬಳು ಸಹಪಾಠಿಗಳ ಜೊತೆ ರೋಮ್‌ಗೆ ಪ್ರವಾಸ ಹೋಗುತ್ತಾಳೆ. ಅಲ್ಲಿನ ಒಬ್ಬ ಪಾಪ್ ಗಾಯಕಿಯ ತದ್ರೂಪ ಅವಳದು. ಚಂದದ ಗಾಯಕನೊಬ್ಬ ಅವಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಊರು ಸುತ್ತಿಸುತ್ತಾನೆ. ಕಡೆಗೆ ಅವನು ಮೋಸಗಾರ ಎಂದು ಗೊತ್ತಾಗುತ್ತದೆ. ಇನ್ನೊಂದು ನಾಗತಿಹಳ್ಳಿ ಚಂದ್ರಶೇಖರರ ‘ಪ್ಯಾರಿಸ್ ಪ್ರಣಯ’. ನಾಯಕ ರಘು ಮುಖರ್ಜಿ, ಕ್ಯಾಮೆರಾ ಯುರೋಪಿನಲ್ಲಿ. ಅದರಲ್ಲಿರುವವರು ಶಾಲೆಯ ಮಕ್ಕಳಲ್ಲ, ಆದರೂ ಎರಡೂ ಒಂದೇ ಜಾತಿಯ ಚಿತ್ರಗಳು. ದೂರದ ಊರು, ಒಳ್ಳೆಯ ಬಿಸಿಲು, ಮನೆಯವರ ಕಣ್ಣಿಲ್ಲ, ಒಂದು ಪ್ರೀತಿ.

ಈ ಜಾತಿಯ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಬೆಂಗಳೂರಿನಲ್ಲಿ ಆಗುವ ರೀತಿಯೇ ಬೇರೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಂಥ ಹೊಳೆದಂಡೆಯ ಊರಲ್ಲಿ ಆಗುವ ರೀತಿಯೇ ಬೇರೆ. ಬೆಂಗಳೂರಿನವರಿಗೆ ಅದು ರುಚಿಯ ಪ್ರಶ್ನೆ. ಇಲ್ಲಿ ಪಿಯುಸಿ ಓದುವ ಮಗಳ ಕೈಯಲ್ಲಿ ಫೋನಿದೆ, ಫೋನಿನಲ್ಲಿ ರೋಮ್ ಇದೆ, ಅದೇ ಹೊತ್ತಿಗೆ ಪಡಸಾಲೆಯಲ್ಲಿ ಕೂತ ಹಿರಿಯರ ಬಾಯಲ್ಲಿ ಸೋದರಮಾವನ ಹೆಸರು ಬಂದಿರುತ್ತದೆ. ಹಾಗಾಗಿ ಎರಡೂ ಪಕ್ಷದ ಮಾತನ್ನು ಪೂರ್ತಿ ಕೇಳಬೇಕು.

ಮೊದಲು ಬೇಡ ಎನ್ನುವವರದು. ಇವರನ್ನು ಹಳೇ ತಲೆಗಳೆಂದು ತಳ್ಳಿಹಾಕುವುದು ಸುಲಭ, ಆದರೆ ಲೆಕ್ಕ ತಪ್ಪುತ್ತದೆ. ಇವತ್ತು ಐವತ್ತು ದಾಟಿದ ಅಪ್ಪಂದಿರು 1987ರಲ್ಲಿ ‘ಪ್ರೇಮಲೋಕ’ ನೋಡಿ ರವಿಚಂದ್ರನ್ ಥರ ಕೂದಲು ಬಿಟ್ಟವರು. 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ವಂತಿಗೆ ಹಾಕಿ, ಬೆವರು ಸುರಿಸಿ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದರಲ್ಲ, ಸಿದ್ದು ನ್ಯಾಮಗೌಡರ ಹಿಂದೆ ನಿಂತು ದುಡಿದವರಲ್ಲಿ ಆ ಕೂದಲಿನ ಹುಡುಗರೂ ಇದ್ದಿರಲೇಬೇಕು. ಪ್ರೀತಿಯ ಸಿನಿಮಾ ಎಂದರೆ ಇವರಿಗೆ ಮೈಮೇಲೆ ಮುಳ್ಳು ಏಳುವುದಿಲ್ಲ. ಇವರ ತಕರಾರು ರಜೆಯ ಮೇಲೆ.

ಈ ಭಾಗದಲ್ಲಿ ರೋಮ್‌ಗಿಂತ ಪರದೇಶದ ವಸ್ತು ಎಂದರೆ ರಜೆ. ಕಾರ್ಖಾನೆ ಚಾಲೂ ಆದರೆ ಕಬ್ಬು ಕಡಿಯುವ ಗ್ಯಾಂಗಿನ ಹಿಂದೆ ಓಡಾಟ, ಮುಗಿದರೆ ಬಿಲ್ಲಿಗಾಗಿ ಕಾಯುವುದು, ನಡುವೆ ನೀರಿನ ಪಾಳಿ. ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಮಗ್ಗ ನಿಂತ ದಿನ ಕೂಲಿಯೂ ನಿಂತಂತೆ. ಜನ ಊರು ಬಿಡುವುದೇ ಇಲ್ಲವೆಂದಲ್ಲ. ಯುಗಾದಿ ಹತ್ತಿರ ಬಂದರೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ, ಪಂಢರಪುರಕ್ಕೆ, ಸವದತ್ತಿಗೆ ಹೋಗುತ್ತಾರೆ, ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳಗು ಮಾಡುತ್ತಾರೆ. ಎಲ್ಲದಕ್ಕೂ ದೇವರ ನೆಪ ಬೇಕು. ಸುಮ್ಮನೆ, ತನ್ನ ಖುಷಿಗೆ, ರೊಕ್ಕ ಕೊಟ್ಟು ಊರು ಸುತ್ತುವುದು ಎಂಬುದಕ್ಕೆ ಇಲ್ಲಿನ ಮನೆಯ ಜಮಾ-ಖರ್ಚಿನಲ್ಲಿ ಕಾಲಮ್ಮೇ ಇಲ್ಲ. ಸಿನಿಮಾದಲ್ಲಿ ಮಾತ್ರ ಹದಿನಾಲ್ಕರ ಹುಡುಗಿ ವಿಮಾನ ಹತ್ತುತ್ತಾಳೆ, ಹೋಟೆಲಿನಲ್ಲಿ ಇಳಿಯುತ್ತಾಳೆ, ದಿನಕ್ಕೊಂದು ಅಂಗಿ ಹಾಕುತ್ತಾಳೆ. ಬಿಲ್ಲು ಕೊಟ್ಟವರು ಯಾರೆಂದು ಯಾವ ದೃಶ್ಯವೂ ಹೇಳುವುದಿಲ್ಲ. “ಅವರ ಪ್ರೀತಿ ನೋಡಿ ನಮ್ಮ ಹುಡುಗಿ ಕೆಡೂದಿಲ್ಲ ಬಿಡ್ರಿ, ಅವರ ಸೂಟ್‌ಕೇಸ್ ನೋಡಿ ಕೊರಗ್ತಾಳ” ಎಂದು ಇಂಥ ಅಪ್ಪನೊಬ್ಬ ಅಂದರೆ ಅದರಲ್ಲಿ ನೀತಿಪಾಠ ಹುಡುಕಬಾರದು. ಅದು ನೇರ ಆರ್ಥಿಕ ವಿಮರ್ಶೆ.

ಇವರ ಎರಡನೇ ಮಾತು ಇನ್ನೂ ಗಟ್ಟಿ. ನಮ್ಮಲ್ಲಿ ಹದಿನೆಂಟು ತುಂಬದವರ ಪ್ರೀತಿ ಹಗುರವಾದ ಸಂಗತಿಯಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಹುಡುಗಿ ತಾನಾಗಿ ಓಡಿಹೋದರೂ ಹುಡುಗ ಜೈಲು ಸೇರಬಹುದು. ಅತ್ತ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದ್ದರೂ, “ಹುಡುಗಿ ದಾರಿ ತಪ್ಪೂದ್ರೊಳಗ ಕೊಟ್ಟು ಬಿಡೂಣು” ಎಂಬ ಅವಸರ ಇನ್ನೂ ಸತ್ತಿಲ್ಲ. ಫೋನಿನಲ್ಲಿ ಸಿಕ್ಕ ಒಂದು ಮೆಸೇಜು ಕಾಲೇಜು ಬಿಡಿಸಲು ಸಾಕು. ಹೀಗಿರುವಾಗ, ಇದೆಲ್ಲ ಐಸ್‌ಕ್ರೀಮಿನಷ್ಟೇ ಹಗುರ ಎಂದು ತೋರಿಸುವ ಸಿನಿಮಾ ಮಕ್ಕಳಿಗೆ ನೆಲದ ಸುದ್ದಿ ಹೇಳುತ್ತಿಲ್ಲ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನ ಬಳಿಯಿಲ್ಲ.

ಮೂರನೆಯದು ಪರದೇಶದ ಕುರಿತು. ಈ ಚಿತ್ರಗಳಲ್ಲಿ ಪರದೇಶ ಎಂದರೆ ಒಂದು ಪರದೆ, ಅಲ್ಲಿ ಬದುಕುವವರು ಲೆಕ್ಕಕ್ಕಿಲ್ಲ. ಯಶ್ ಚೋಪ್ರಾ ಹಾಡುಹಾಡಿಗೂ ಸ್ವಿಟ್ಜರ್ಲೆಂಡ್ ತೋರಿಸಿದ್ದರ ಋಣಕ್ಕೆ ಅಲ್ಲಿನ ಇಂಟರ್‌ಲಾಕನ್‌ನಲ್ಲಿ 2016ರಲ್ಲಿ ಅವರ ಪ್ರತಿಮೆ ನಿಂತಿತು. ಒಂದು ದೇಶ ಪ್ರತಿಮೆ ನಿಲ್ಲಿಸಿ ಥ್ಯಾಂಕ್ಸ್ ಹೇಳುವಷ್ಟು ಒಳ್ಳೆಯ ಜಾಹೀರಾತಾಗಿತ್ತು ಆ ಪ್ರೀತಿ. ಕನ್ನಡದವರೇನೂ ಹಿಂದೆ ಬಿದ್ದಿಲ್ಲ. ಕನ್ನಡದ ಕ್ಯಾಮೆರಾ ಮೊದಲು ಹೊರದೇಶಕ್ಕೆ ಹೋದದ್ದು 1978ರ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಚಿತ್ರಕ್ಕೆ. ಆ ಕಾಲಕ್ಕೆ ಸಿಂಗಪುರ ತೋರಿಸುವುದೇ ದೊಡ್ಡ ಸುದ್ದಿ, ಕತೆ ಆಮೇಲಿನದು. ಈಗಲೂ ಎಷ್ಟೋ ಚಿತ್ರಗಳಲ್ಲಿ ಆ ಕ್ರಮ ಬದಲಾಗಿಲ್ಲ.

ಇನ್ನು ಇರಲಿ ಎನ್ನುವವರ ಪಕ್ಷ. ಇವರಲ್ಲಿ ಹೆಚ್ಚಿನವರು ಹುಡುಗಿಯರು, ಆದ್ದರಿಂದಲೇ ಇವರ ಮಾತು ಊರ ಕಟ್ಟೆಯ ಮೇಲೆ ಕೇಳುವುದಿಲ್ಲ.

ಹಗುರವಾದ ಪ್ರೀತಿ ಪರದೇಶದ ಸರಕು ಎಂಬುದನ್ನು ನಾನಂತೂ ಒಪ್ಪಲಾರೆ. ಬಾಗಲಕೋಟೆ-ಬೆಳಗಾವಿ ಸೀಮೆಯ ಶ್ರೀಕೃಷ್ಣ ಪಾರಿಜಾತ ಏನು ಮತ್ತೆ? ನಾರದ ಸ್ವರ್ಗದ ಹೂವೊಂದನ್ನು ತಂದ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು, ಒಲಿಸಲು ಕೃಷ್ಣ ಕೊರವಂಜಿಯ ವೇಷ ಹಾಕಿ ಬಂದ. ಇಷ್ಟೇ ಕತೆ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರಿಂದ ಬೆಳೆದುಬಂದ ಈ ಆಟವನ್ನು ಕೌಜಲಗಿ ನಿಂಗಮ್ಮನಂಥವರು ಮನೆಮಾತಾಗಿಸಿದರು. ಮುನಿಸು, ಚೇಷ್ಟೆ, ದೂತಿಯ ನಗೆಚಾಟಿಕೆ, ವೇಷ ಮರೆಸಿ ಬರುವ ಪ್ರಿಯ, ದೂರದ ಲೋಕದಿಂದ ಬಂದ ಒಂದು ಹೂವು. ಲಿಝಿಯ ಚಿತ್ರದಲ್ಲೂ ವೇಷ ಬದಲು, ಹೊಟ್ಟೆಕಿಚ್ಚು, ಹಾಡು. ಪಾರಿಜಾತದಲ್ಲಿ ಯಾರೂ ಸಾಯುವುದಿಲ್ಲ. ಅದೇ ಸೀಮೆಯ ಇನ್ನೊಂದು ಆಟ ‘ಸಂಗ್ಯಾ ಬಾಳ್ಯಾ’ದಲ್ಲಿ ಪ್ರೀತಿ ಕೊಲೆಯಲ್ಲಿ ಮುಗಿಯುತ್ತದೆ. ನಮ್ಮ ಸಿನಿಮಾ ಪಾರಿಜಾತದ ದಾರಿಯನ್ನು ಬಿಟ್ಟು ಸಂಗ್ಯಾನ ದಾರಿ ಹಿಡಿದದ್ದೇ ಹೆಚ್ಚು. ಪ್ರೀತಿಸಿದವರು ವಿಷ ಕುಡಿಯಬೇಕು, ಬೆಟ್ಟದಿಂದ ಬೀಳಬೇಕು, ಇಲ್ಲವೇ ಅರ್ಧ ಊರನ್ನು ಕೊಚ್ಚಬೇಕು. ಅಂಥವನ್ನು ನೋಡಿ ಬೆಳೆದ ಹುಡುಗ “ನೀ ಸಿಗಲಿಲ್ಲಂದ್ರ ಸಾಯ್ತೀನಿ” ಎಂದು ಮೆಸೇಜು ಕಳಿಸಿದರೆ ಆಶ್ಚರ್ಯವೇನು?

ವಿದೇಶಿ ರಜೆಯ ಪ್ರೀತಿಗೆ ರಿಟರ್ನ್ ಟಿಕೆಟ್ ಇರುತ್ತದೆ. ಈ ಜಾತಿಯ ಚಿತ್ರದ ನಿಜವಾದ ಗುಣ ಅದೇ ಎಂದು ನನಗನ್ನಿಸುತ್ತದೆ. ಇವಕ್ಕೆಲ್ಲ ಅಜ್ಜಿಯಂತಿರುವ 1953ರ ‘ರೋಮನ್ ಹಾಲಿಡೇ’ ನೋಡಿ. ಆಡ್ರೆ ಹೆಪ್‌ಬರ್ನ್‌ಳ ರಾಜಕುಮಾರಿ ಅರಮನೆಯ ಕಟ್ಟು ತಪ್ಪಿಸಿಕೊಂಡು ಪತ್ರಕರ್ತನೊಬ್ಬನ ಜೊತೆ ರೋಮ್ ಸುತ್ತುತ್ತಾಳೆ, ಪ್ರೀತಿಸುತ್ತಾಳೆ, ತಿರುಗಿ ಹೋಗಿ ತನ್ನ ಕೆಲಸಕ್ಕೆ ನಿಲ್ಲುತ್ತಾಳೆ. ಎದೆ ಒಡೆಯಿತು, ಬದುಕು ಒಡೆಯಲಿಲ್ಲ. ಲಿಝಿಯೂ ಮೋಸ ಹೋಗುತ್ತಾಳೆ, ಆದರೆ ಆ ಮೋಸಕ್ಕೆ ಅವಳು ಕೊಡುವ ಬೆಲೆ ಒಂದಿಷ್ಟು ಅವಮಾನ. ಅದೂ ಹೆಚ್ಚು ಹೊತ್ತಲ್ಲ, ಅದೇ ರಾತ್ರಿ ವೇದಿಕೆಯ ಮೇಲೆ ಅವನ ಬಣ್ಣ ಬಯಲಾಗುತ್ತದೆ. ಹದಿನಾರರ ತಪ್ಪಿಗೆ ಜನ್ಮವಿಡೀ ದಂಡ ಕಟ್ಟಬೇಕಿಲ್ಲ ಎಂದು ಹೇಳುವ ಕತೆಗಳು ಈ ಭಾಗದ ಹುಡುಗಿಯರಿಗೆ ಬೇರೆಲ್ಲಿ ಸಿಗುತ್ತವೆ? ಹಿರಿಯರ ಎರಡನೇ ಆಕ್ಷೇಪವನ್ನು ಇವರು ತಿರುಗಿಸಿ ಹಿಡಿಯುತ್ತಾರೆ: ಇಲ್ಲಿ ಪ್ರೀತಿ ಇಷ್ಟು ಭಾರವಾಗಿರುವುದರಿಂದಲೇ ಹಗುರವಾದದ್ದನ್ನು ನೋಡುತ್ತೇವೆ.

ಇಷ್ಟಕ್ಕೆ ರೋಮ್ ಏಕೆ ಬೇಕು, ಜೋಗ ಸಾಲದೇ ಎಂದು ಕೇಳಬಹುದು. ನಾನೂ ಬಹಳ ಕಾಲ ಆ ಪಕ್ಷದವನೇ. 2006ರ ‘ಮುಂಗಾರು ಮಳೆ’ ವಿಮಾನ ಹತ್ತದೆ ಗೆದ್ದಿತು, ಮಡಿಕೇರಿಯ ಮಂಜು, ಸಕಲೇಶಪುರದ ಹಸಿರು, ಜೋಗದ ನೀರು ಸಾಕಾದವು. 2008ರ ‘ಗಾಳಿಪಟ’ದಲ್ಲಿ ಪಟ್ಟಣದ ಬೇಸರ ಕಳೆಯಲು ಮೂವರು ಗೆಳೆಯರು ಮುಗಿಲುಪೇಟೆಗೆ ಹೋಗಿ ಪ್ರೀತಿಗೆ ಬಿದ್ದರು. ಅಪ್ಪಟ ರಜೆಯ ಚಿತ್ರ, ಪಾಸ್‌ಪೋರ್ಟ್ ಬೇಡ. ಯೋಗರಾಜ ಭಟ್ಟರ ಈ ಎರಡೂ ಚಿತ್ರಗಳು ನನಗೆ ಇಷ್ಟ. ಆದರೆ ಒಂದು ಸಂಗತಿ ಗಮನಿಸಿ. ಎರಡರಲ್ಲೂ ಪ್ರಯಾಣ ಹೊರಟವರು ಗಂಡುಹುಡುಗರು. ಪ್ರೀತಂ ಮಡಿಕೇರಿಗೆ ಹೋಗುತ್ತಾನೆ, ನಂದಿನಿ ಅಲ್ಲಿ ಅಪ್ಪನ ಮನೆಯಲ್ಲಿ ಮದುವೆಗೆ ಸಿದ್ಧವಾಗಿರುತ್ತಾಳೆ. ಮುಗಿಲುಪೇಟೆಯ ಹುಡುಗಿಯರೂ ಮುಗಿಲುಪೇಟೆಯಲ್ಲೇ ಇರುತ್ತಾರೆ. ಹುಡುಗರು ರಜೆಗೆ ಹೋಗುತ್ತಾರೆ, ಹುಡುಗಿಯರು ಅವರು ಹೋದ ಊರಿನ ಭಾಗ, ಮಳೆ-ಮಂಜಿನ ಜೊತೆಗೆ. ರೋಮ್‌ನಂಥ ಪರದೇಶದ ಕತೆಗಳಲ್ಲಿ ಹೊರಡುವವಳು ಹುಡುಗಿ. ರಾಜಕುಮಾರಿ ಹೊರಟಳು, ಲಿಝಿ ಹೊರಟಳು, 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯಲ್ಲಿ ಸಿಮ್ರನ್ ಹೊರಟಳು.

ಪರದೇಶ ಅವಳಿಗೆ ಕೊಡುವ ದೊಡ್ಡ ಸೌಕರ್ಯ ಕೋಟೆ-ಕಾರಂಜಿಗಳಲ್ಲ, ಗುರುತಿಲ್ಲದಿರುವುದು. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪಡಸಲಗಿಯ ಹುಡುಗಿ ಯಾರ ಜೊತೆಗಾದರೂ ಐದು ನಿಮಿಷ ನಿಂತು ಮಾತಾಡಲಿ. ಅವಳು ಊರು ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ. “ಯವ್ವಾ, ನೀ ಯಾರ ಪೈಕಿ?” ಎಂದು ಕೇಳುವವರಿಲ್ಲದ ಬೀದಿ ಅವಳಿಗೆ ಸಿನಿಮಾದಲ್ಲಿ ಮಾತ್ರ ಸಿಗುತ್ತದೆ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ಗೆ ಹಾಡಿದರು, ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಹೆಸರಾದರು. ಈ ನೆಲದ ಹೆಣ್ಣುಮಕ್ಕಳು ದೂರ ಹೋಗಿಲ್ಲವೆಂದಲ್ಲ, ದುಡಿಯಲಿಕ್ಕೆ ಹೋಗಿದ್ದಾರೆ. ಸುಮ್ಮನೆ ಸುತ್ತಾಡಿ ಬರಲು ಹೋಗಿಲ್ಲ.

ಹಾಗೆಂದು ಸಿಮ್ರನ್‌ಳ ಕತೆಯನ್ನು ಪೂರ್ತಿ ಇವರ ಪಕ್ಷಕ್ಕೆ ಬರೆದುಕೊಡಲೂ ಆಗದು. ಕಂಡೇ ಇರದ ಹುಡುಗನ ಜೊತೆ ನಿಶ್ಚಯವಾದ ಮದುವೆಗೆ ಮುಂಚೆ ಒಂದು ತಿಂಗಳ ಯುರೋಪ್ ಪ್ರವಾಸಕ್ಕೆ ಅವಳು ಅಪ್ಪನನ್ನು ಬೇಡಿಕೊಳ್ಳುತ್ತಾಳೆ. ಅವನು ಒಪ್ಪಿದಾಗ ಥಿಯೇಟರಿನಲ್ಲಿ ಕಣ್ಣು ಒದ್ದೆಯಾಗುತ್ತವೆ. ಜೀವಮಾನದಲ್ಲಿ ಒಂದು ತಿಂಗಳು, ಅದೂ ಬೇಡಿ ಪಡೆದದ್ದು! ಎರಡನೇ ಅರ್ಧದಲ್ಲಿ ಕತೆ ಪಂಜಾಬಿಗೆ ಬರುತ್ತದೆ. ಹುಡುಗಿಯ ತಾಯಿಯೇ ಓಡಿಹೋಗಿರೆಂದರೂ ಹುಡುಗ ಒಲ್ಲೆನೆನ್ನುತ್ತಾನೆ, ಅಪ್ಪ ಕೈ ಹಿಡಿದು ಕೊಡಬೇಕು ಎಂದು ಹಟ ಹಿಡಿಯುತ್ತಾನೆ. ಇಲ್ಲಿನ ಹಿರಿಯರಿಗೆ ಈ ಚಿತ್ರ ಹಿಡಿಸಿದ್ದು ಈ ಅರ್ಧಕ್ಕೆ, ಹುಡುಗಿಯರಿಗೆ ಮೊದಲಿನ ಅರ್ಧಕ್ಕೆ. ಮುಂಬಯಿಯ ಮರಾಠಾ ಮಂದಿರದಲ್ಲಿ ಅದು ದಶಕಗಟ್ಟಲೆ ಓಡಿದ್ದರ ಹಿಂದೆ ಈ ಜಾಣತನವೂ ಇದೆ. ಅದು ಎರಡೂ ಪಕ್ಷಕ್ಕೆ ಟಿಕೆಟು ಮಾರಿತು.

ನನ್ನ ತೂಕ ಯಾವ ಕಡೆ ಎಂದರೆ, ಹುಡುಗಿಯರ ಕಡೆ ಸ್ವಲ್ಪ ಹೆಚ್ಚು. ರೊಕ್ಕ ಮುಚ್ಚಿಡುತ್ತವೆ ಎಂಬ ಅಪ್ಪಂದಿರ ದೂರು ಈ ಚಿತ್ರಗಳ ಮೇಲೆ ಸರಿಯಾಗಿಯೇ ಕೂರುತ್ತದೆ, ಅದಕ್ಕೆ ರಿಯಾಯಿತಿ ಬೇಡ. ನಾಗತಿಹಳ್ಳಿಯವರ ‘ಅಮೆರಿಕ ಅಮೆರಿಕ’ ಪರದೇಶದ ವೈಭವದ ಜೊತೆಗೆ ಅಲ್ಲಿನ ಬದುಕಿನ ಬೆಲೆಯನ್ನೂ ತೋರಿಸಿತ್ತು. ಸಂಜೆಯ ಮನರಂಜನೆಗೆ ಅಷ್ಟು ಪ್ರಾಮಾಣಿಕತೆ ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ಕಾನೂನಿನ ಭಯವೂ ನಿಜ. ಆದರೆ ಅದು ಸಿನಿಮಾ ನಿಲ್ಲಿಸಿದರೆ ನಿಲ್ಲುವ ಭಯವಲ್ಲ. ಮನೆಯಲ್ಲಿ ಆ ಕಾಯ್ದೆಯ ಬಗ್ಗೆ ಮಗಳ ಜೊತೆಗೂ ಮಗನ ಜೊತೆಗೂ ಬಾಯಿಬಿಟ್ಟು ಮಾತಾಡಬೇಕು. ಆ ಮಾತು ಶುರು ಮಾಡಲು ಲಿಝಿಯ ಮೋಸಗಾರ ಗಾಯಕ ಕೆಟ್ಟ ನೆಪವೇನಲ್ಲ.

ಇಬ್ಬರ ತಕರಾರಿಗೂ ಒಟ್ಟಿಗೆ ಉತ್ತರ ಕೊಡಬಲ್ಲ ಕತೆಯೊಂದು ಕಣ್ಣೆದುರೇ ಬಿದ್ದಿದೆ. ಚಳಿಗಾಲ ಬಂತೆಂದರೆ ನಮ್ಮ ಹೈಸ್ಕೂಲುಗಳಿಂದ ಶೈಕ್ಷಣಿಕ ಪ್ರವಾಸದ ಬಸ್ಸು ಹೊರಡುತ್ತದಲ್ಲ, ಅದು. ತಲೆಗಿಷ್ಟು ಎಂದು ರೊಕ್ಕ ಕಟ್ಟಬೇಕು, ಕಟ್ಟಲಾಗದವರು ಊರಲ್ಲೇ ಉಳಿಯುತ್ತಾರೆ, ಆದ್ದರಿಂದ ಖರ್ಚಿನ ಲೆಕ್ಕ ಕತೆಯೊಳಗೇ ಇದೆ. ಹುಡುಗಿಯರೂ ಹೊರಡುತ್ತಾರೆ. ಕಟ್ಟಿಕೊಂಡ ರೊಟ್ಟಿ-ಶೇಂಗಾ ಚಟ್ನಿ, ರಾತ್ರಿಯಿಡೀ ಹಾಡು, ಮುಂದಿನ ಸೀಟಿನಲ್ಲಿ ತೂಕಡಿಸುತ್ತಲೇ ಕಣ್ಣಿಟ್ಟ ಮಾಸ್ತರರು, ಗೋವಾದ ಸಮುದ್ರದಲ್ಲಿ ಮೊದಲ ಸಲ ಕಾಲು ತೋಯಿಸಿಕೊಂಡು ಚೀರುವ ಹತ್ತನೇ ಇಯತ್ತೆ, ಯಾರು ಯಾರ ಪಕ್ಕ ನಿಂತು ಫೋಟೋ ಹೊಡೆಸಿಕೊಂಡರು ಎಂಬ ಗುಸುಗುಸು. ಬಸ್ಸು ತಿರುಗಿ ಬಂದೇ ಬರುತ್ತದೆ, ಬಂದ ಮೇಲೆ ಪರೀಕ್ಷೆ ಇರುತ್ತದೆ. ಒಳ್ಳೆಯ ಚಿತ್ರಕಥೆಗಾರನಿಗೆ ಇಷ್ಟು ಸಾಲದೇ? ‘ಗಾಳಿಪಟ’ದ ಎರಡನೇ ಭಾಗಕ್ಕೆ ತಂಡ ಕಜಕಿಸ್ತಾನದ ಹಿಮದವರೆಗೂ ಹೋಗಿ ಬಂತು. ಪ್ರವಾಸದ ಬಸ್ಸಿನ ಕತೆಗೂ ನಿರ್ಮಾಪಕರು ಒಂದು ಹಾಡಿಗಾದರೂ ಹಿಮ ಕೇಳುತ್ತಾರೆ. ಕೇಳಿದರೆ ಕೊಡಲಿ. ಕನಸಿನ ಹಾಡೆಂದು ಇಲ್ಲಿನವರು ಮಾಫಿ ಮಾಡುತ್ತಾರೆ.