ಹಡಗನ್ನೇರುವ ಮುನ್ನ ತಂಗುವುದೆಲ್ಲಿ?

ಸಮುದ್ರಯಾನವು ವಿಹಿತವೋ ನಿಷಿದ್ಧವೋ ಎಂಬ ವಾದವು ಈಗ ಯಾರ ಮನೆಯಲ್ಲಿಯೂ ನಡೆಯುವುದಿಲ್ಲ. ಬೌಧಾಯನರು ಅದನ್ನು ಉತ್ತರದೇಶದವರ ಆಚಾರಗಳಲ್ಲಿ ಎಣಿಸಿದರು; ಅನಂತರದ ನಿಬಂಧಕಾರರು ಕಲಿವರ್ಜ್ಯಗಳ ಸಾಲಿಗೆ ಸೇರಿಸಿದರು; ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ೧೮೯೮ರಲ್ಲಿಯೇ ಜಪಾನಿಗೆ ಹೋಗಿಬಂದರು. ಅಲ್ಲಿಗೆ ಆ ಪ್ರಶ್ನೆ ಈ ಸೀಮೆಯ ಮಟ್ಟಿಗೆ ತೀರಿತೆನ್ನಬಹುದು. ಈಗ ಉಳಿದಿರುವುದು ಅದಕ್ಕಿಂತ ಸಣ್ಣದಾಗಿ ಕಾಣುವ, ಆದರೆ ಗೃಹಸ್ಥರ ನೆಮ್ಮದಿಯನ್ನೂ ಹಣವನ್ನೂ ಹೆಚ್ಚಾಗಿ ಕೆಡಿಸುತ್ತಿರುವ ಮತ್ತೊಂದು ಪ್ರಶ್ನೆ: ಹಡಗನ್ನೇರುವುದಕ್ಕೆ ಮುನ್ನಿನ ರಾತ್ರಿಯನ್ನು ಎಲ್ಲಿ ಕಳೆಯತಕ್ಕದ್ದು?

೨೦೨೨ರ ಜೂನ್ ತಿಂಗಳಲ್ಲಿ ಚೆನ್ನೈ ಬಂದರಿನಿಂದ ವಿಹಾರನೌಕೆಯ ಪ್ರಯಾಣಕ್ಕೆ ತಮಿಳುನಾಡಿನ ಮುಖ್ಯಮಂತ್ರಿಗಳು ಚಾಲನೆ ಕೊಟ್ಟರು. ಅದಲ್ಲದೆ ಅಂಡಮಾನಿಗೆ ಹೋಗುವ ಜನರ ಹಡಗುಗಳು ಬಹುಕಾಲದಿಂದಲೂ ಅದೇ ಬಂದರಿನಿಂದ ಹೊರಡುತ್ತವೆ. ಹಡಗನ್ನು ನೋಡದೆ ಮುದುಕರಾದ ತಂದೆತಾಯಿಗಳನ್ನು ಒಮ್ಮೆ ಕಡಲಿನ ಮೇಲೆ ಕರೆದೊಯ್ಯಬೇಕೆಂಬ ಆಸೆ ಮಕ್ಕಳಿಗೆ ಹುಟ್ಟಿದರೆ ಅದು ಪ್ರಶಂಸನೀಯವೇ. ಬಂಗಾರಪೇಟೆಯಿಂದ ಚೆನ್ನೈ ರೈಲಿನಲ್ಲಿ ಸುಮಾರು ೨೯೦ ಕಿಲೋಮೀಟರು, ಕೆ.ಜಿ.ಎಫ್. ನಿವಾಸಿಗಳಿಗೆ ಅದು ನೆರೆಯ ಊರಿನಂತೆಯೇ ಬಳಕೆಯ ಊರು. ಹೀಗಿರುವಲ್ಲಿ, ಈ ಎರಡೂರಿನವರು ತಂಗುದಾಣದ ವಿಷಯದಲ್ಲಿ ತಪ್ಪುವುದು ಆಶ್ಚರ್ಯಕರವಾಗಿದೆ. ತಪ್ಪುವವರು ಅವಿದ್ಯಾವಂತರಲ್ಲ. ಓದುಬರಹ ಬಲ್ಲವರೇ, ಕೈಯಲ್ಲಿ ಮೊಬೈಲು ಹಿಡಿದು, ಚಿತ್ರಗಳನ್ನು ನೋಡಿ, ನಕ್ಷತ್ರಗಳನ್ನು ಎಣಿಸಿ ತಪ್ಪುತ್ತಿದ್ದಾರೆ.

ತಪ್ಪಿನ ಮೂಲವು ಒಂದು ಶಬ್ದದಲ್ಲಿದೆ. ಹೊಟೇಲು 'ನಗರದ ಮಧ್ಯದಲ್ಲಿದೆ' ಎಂದು ಜಾಹೀರಾತು ಹೇಳುತ್ತದೆ. ಓದಿದವರು ಅಷ್ಟಕ್ಕೇ ತೃಪ್ತರಾಗುತ್ತಾರೆ. ಮಧ್ಯ ಎಂಬುದು ಸಾಪೇಕ್ಷ ಪದ. ಯಾವುದಕ್ಕೆ ಮಧ್ಯ, ಯಾರಿಗೆ ಮಧ್ಯ ಎಂದು ಕೇಳದೆ ಆ ಪದಕ್ಕೆ ಅರ್ಥವೇ ಹುಟ್ಟುವುದಿಲ್ಲ. ರೇಷ್ಮೆಸೀರೆ ಕೊಳ್ಳುವವರಿಗೆ ತ್ಯಾಗರಾಯನಗರವೇ ಚೆನ್ನೈಯ ಮಧ್ಯ. ವಿಮಾನವನ್ನೇರುವವರಿಗೆ ಮೀನಂಬಾಕ್ಕಮ್ಮಿನ ಆಸುಪಾಸು ಮಧ್ಯ. ದೇವರ ದರ್ಶನಕ್ಕೆ ಹೋದವರಿಗೆ ಮೈಲಾಪುರವೇ ಮಧ್ಯ. ಹಡಗನ್ನೇರುವವರಿಗೆ ಬಂದರಿನ ಬಾಗಿಲಲ್ಲದೆ ಬೇರೆ ಮಧ್ಯವುಂಟೆ? ಆ ಬಾಗಿಲಿರುವುದು ರಾಜಾಜಿ ಸಾಲೈ ಎಂಬ ರಸ್ತೆಯ ಮಗ್ಗುಲಲ್ಲಿ, ಜಾರ್ಜ್ ಟೌನಿನ ಎದುರಿಗೆ, ಬೀಚ್ ರೈಲು ನಿಲ್ದಾಣದ ಸಮೀಪದಲ್ಲಿ. ಈ ಒಂದು ಅಂಶವನ್ನು ಮೊದಲು ಮನಸ್ಸಿನಲ್ಲಿ ನೆಲೆಗೊಳಿಸಿಕೊಂಡರೆ ಮಿಕ್ಕ ವಿಚಾರವೆಲ್ಲ ತಾನಾಗಿಯೇ ತಿಳಿಯಾಗುತ್ತದೆ.

ಕೆ.ಜಿ.ಎಫ್. ನಿವಾಸಿಗಳಿಗೆ ಈ ಮಾತನ್ನು ಉಪದೇಶಿಸಬೇಕಾಗಿರುವುದೇ ವಿಚಿತ್ರ. ಆ ಊರಿಗೆ ಮಧ್ಯವೆಂಬುದು ಎಲ್ಲಿದೆ? ಪೇಟೆಯ ವ್ಯಾಪಾರ ರಾಬರ್ಟ್‌ಸನ್‌ಪೇಟೆಯಲ್ಲಿ. ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಒಂದೊಂದೂ ಒಂದೊಂದು ದಿಕ್ಕು. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಕೂಲಿಗಾರರ ಲೈನುಗಳನ್ನು ಕಂಪೆನಿಯವರು ಅಂಗಡಿಬೀದಿಯ ಬಳಿ ಕಟ್ಟಿಸಲಿಲ್ಲ. ಶಾಫ್ಟುಗಳ ಸಮೀಪದಲ್ಲಿ ಕಟ್ಟಿಸಿದರು. ಅದು ದಯೆಯಿಂದ ಮಾಡಿದ್ದೆಂದು ಯಾರೂ ಹೇಳಲಾರರು. ಪಾಳಿಯ ಹೊತ್ತಿಗೆ ಮನುಷ್ಯನು ಶಾಫ್ಟಿನ ಬಾಯಲ್ಲಿರಬೇಕೆಂಬ ಲೆಕ್ಕಾಚಾರದಿಂದ ಮಾಡಿದ್ದು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಸುವ ಯಂತ್ರವು ಒಬ್ಬನಿಗಾಗಿ ಕಾಯುತ್ತಿರಲಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಆದರೆ ಕಾಯದ ಯಂತ್ರದ ಬಳಿಯಲ್ಲಿಯೇ ಮಲಗಬೇಕೆಂಬ ಪಾಠವೂ ಅದರೊಡನೆ ಮುಚ್ಚಿಹೋಗಬೇಕೆ? ಹಡಗೂ ಅಂಥದೇ ಒಂದು ಯಂತ್ರ. ಮಾರಿಕುಪ್ಪಂ ರೈಲು ತಪ್ಪಿದರೆ ಮುಂದಿನ ರೈಲುಂಟು, ಅದೂ ತಪ್ಪಿದರೆ ಬಸ್ಸುಂಟು. ಹಡಗು ತಪ್ಪಿದವನಿಗೆ ದಡವೊಂದೇ ಉಳಿಯುವುದು.

ಈ ಸಿದ್ಧಾಂತವನ್ನು ಒಪ್ಪದವರು ಮೂರು ಪಕ್ಷದವರು. ಅವರ ವಾದಗಳನ್ನು ಒಂದೊಂದಾಗಿ ಪರಿಶೀಲಿಸುವುದು ನ್ಯಾಯ.

ಮೊದಲನೆಯದು ಮಿತವ್ಯಯಪಕ್ಷ. 'ರಾತ್ರಿಯ ರೈಲಿನಲ್ಲಿ ಹೊರಟರೆ ಬೆಳಗಾಗುವಷ್ಟರಲ್ಲಿ ಚೆನ್ನೈ. ಹಡಗಿಗೆ ಹತ್ತುವುದು ಮಧ್ಯಾಹ್ನ. ನಡುವೆ ಬೇಕಾದಷ್ಟು ಹೊತ್ತಿರುವಾಗ ಹೊಟೇಲಿನವನಿಗೆ ಹಣ ಸುರಿಯುವುದೇಕೆ? ಊರಿಗೆ ಬಂದವಳು ನೀರಿಗೆ ಬಾರದಿರುವಳೆ?' ಎಂದು ಇವರು ಕೇಳುತ್ತಾರೆ. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಕೈಯಲ್ಲೊಂದು ಚೀಲ ಹಿಡಿದ ತರುಣರಿಗೆ ಇದು ಸಲ್ಲಬಹುದು. ಆದರೆ ಮೊಣಕಾಲು ನೋವಿನ ತಾಯಿಯನ್ನೂ, ಹೊತ್ತುಹೊತ್ತಿಗೆ ಔಷಧಿ ತೆಗೆದುಕೊಳ್ಳುವ ತಂದೆಯನ್ನೂ, ಎರಡು ಮಕ್ಕಳನ್ನೂ ಕರೆದುಕೊಂಡವರು ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಎಲ್ಲಿ ಕುಳಿತಿರಬೇಕು? ಸ್ನಾನವೆಲ್ಲಿ, ಊಟವೆಲ್ಲಿ, ಪೆಟ್ಟಿಗೆಗಳನ್ನು ಕಾಯುವವರು ಯಾರು? ಅದೂ ರೈಲು ಹೊತ್ತಿಗೆ ಸರಿಯಾಗಿ ಬಂದರೆ. ೨೦೨೩ರ ಡಿಸೆಂಬರ್ ೪ರಂದು ಮಿಚಾಂಗ್ ಚಂಡಮಾರುತದ ಮಳೆಯಲ್ಲಿ ಚೆನ್ನೈ ಮುಳುಗಿದಾಗ ಸೆಂಟ್ರಲ್ ನಿಲ್ದಾಣದ ಅನೇಕ ರೈಲುಗಳು ರದ್ದಾದುದನ್ನು ಯಾರೂ ಮರೆತಿಲ್ಲ. ಅಷ್ಟು ದೊಡ್ಡ ಉತ್ಪಾತವೇ ಬೇಕೆಂದಿಲ್ಲ; ಜೋಲಾರಪೇಟೆಯ ಆಚೆ ಒಂದು ಎಂಜಿನ್ನು ಕೆಟ್ಟರೂ ಸಾಕು. ಹಡಗು ಹೊರಡುವುದಕ್ಕೆ ಬಹಳ ಮೊದಲೇ ಹತ್ತುವ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಮೇಲೆ ಕೊಟ್ಟ ಹಣ ಹಿಂದಿರುಗುವ ಆಸೆ ಇಟ್ಟುಕೊಳ್ಳುವಂತಿಲ್ಲ. ಸಾವಿರ ಉಳಿಸಹೋಗಿ ಲಕ್ಷವನ್ನು ಪಣವಿಡುವುದಕ್ಕೆ ಮಿತವ್ಯಯವೆಂದು ಹೆಸರಲ್ಲ, ಜೂಜೆಂದು ಹೆಸರು.

ಎರಡನೆಯದು ವೈಭವಪಕ್ಷ. ಇದರ ಮುಖಂಡರು ಬಹುಮಟ್ಟಿಗೆ ದೂರದೇಶಗಳಲ್ಲಿ ದುಡಿಯುವ ಮಕ್ಕಳು. 'ಅಪ್ಪ ಅಮ್ಮ ಇಷ್ಟು ದಿನ ಕಷ್ಟಪಟ್ಟಿದ್ದಾರೆ. ಒಂದು ರಾತ್ರಿಯಾದರೂ ದೊಡ್ಡ ಹೊಟೇಲಿನಲ್ಲಿರಲಿ' ಎಂದು ಅಲ್ಲಿಂದಲೇ ಕೋಣೆ ಗೊತ್ತುಮಾಡುತ್ತಾರೆ. ಪ್ರೀತಿಯನ್ನು ದೂಷಿಸತಕ್ಕದ್ದಲ್ಲ, ಪ್ರೀತಿಯ ಅವಿವೇಕವನ್ನು ದೂಷಿಸಬಹುದು. ಈಜುಕೊಳವಿರುವ, ನಲವತ್ತು ಬಗೆಯ ತಿಂಡಿಯಿಟ್ಟಿರುವ ಆ ಹೊಟೇಲು ಬಂದರಿನಿಂದ ಇಪ್ಪತ್ತು ಕಿಲೋಮೀಟರಿನಾಚೆ ಇರುತ್ತದೆ. ವೃದ್ಧರು ಅಲ್ಲಿಗೆ ತಲುಪುವಾಗ ರಾತ್ರಿ; ಬೆಳಗ್ಗೆ ಎದ್ದರೆ ವಾಹನ ಸಿಗುವುದೋ ಇಲ್ಲವೋ, ದಾರಿಯಲ್ಲಿ ದಟ್ಟಣೆಯಿರುವುದೋ ಎಂಬ ಕಳವಳ. ಕೊಳದಲ್ಲಿ ಈಜುವವರಾರು? ನಲವತ್ತು ತಿಂಡಿಗಳಲ್ಲಿ ಎರಡು ಇಡ್ಡಲಿಗಿಂತ ಹೆಚ್ಚಾಗಿ ತಿನ್ನುವವರಾರು? ಮೇಲಾಗಿ, ಹಡಗೇ ಒಂದು ತೇಲುವ ಹೊಟೇಲು. ವೈಭವವೆಲ್ಲ ಅಲ್ಲಿ ಕಾದಿರುವಾಗ ಅದರ ಹಿಂದಿನ ರಾತ್ರಿಯೂ ಅದನ್ನೇ ಕೊಳ್ಳುವುದು ಮದುವೆಯ ಊಟಕ್ಕೆ ಹೋಗುವ ದಾರಿಯಲ್ಲಿ ಹೊಟ್ಟೆ ತುಂಬ ಉಂಡುಹೋದಂತೆ. ಯಾತ್ರೆಗೆ ಮುನ್ನಿನ ರಾತ್ರಿಯಲ್ಲಿ ಮನುಷ್ಯನಿಗೆ ಬೇಕಾದುದು ನಿದ್ರೆ, ಶುಚಿಯಾದ ಸ್ನಾನಗೃಹ, ಹಿತವಾದ ಆಹಾರ, ಮತ್ತು ನಾಳೆಯ ವಿಷಯದಲ್ಲಿ ನಿಶ್ಚಿಂತೆ. ಈ ನಾಲ್ಕರಲ್ಲಿ ಕೊನೆಯದನ್ನು ಯಾವ ನಕ್ಷತ್ರವೂ ಒದಗಿಸಲಾರದು, ಸಾಮೀಪ್ಯವೊಂದೇ ಒದಗಿಸಬಲ್ಲದು.

ಮೂರನೆಯದು ಬಂಧುಪಕ್ಷ, ಇದನ್ನು ಖಂಡಿಸುವುದು ಎಲ್ಲಕ್ಕಿಂತ ಕಷ್ಟ. ಕೆ.ಜಿ.ಎಫ್. ಕುಟುಂಬಗಳಲ್ಲಿ ಚೆನ್ನೈಯಲ್ಲಿ ಸಂಬಂಧಿಕರಿಲ್ಲದವು ವಿರಳ. ಗಣಿಗಳು ಮುಚ್ಚಿದ ಮೇಲೆ ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋಗಿ ನೆಲೆಸಿದವರೂ ಉಂಟು. 'ಮನೆಯಿರುವಾಗ ಹೊಟೇಲಿನಲ್ಲಿ ಇಳಿದರೆ ಅವರು ನೊಂದುಕೊಳ್ಳುವುದಿಲ್ಲವೆ?' ಎಂಬ ಮಾತಿಗೆ ತೂಕವಿದೆ. ಆದರೆ ಆ ಮನೆ ತಾಂಬರದಲ್ಲಿದ್ದರೆ ಬಂದರಿಗೆ ಸುಮಾರು ೩೦ ಕಿಲೋಮೀಟರು. ಅಕ್ಕರೆಯಿಂದ ಮಾಡಿದ ಅಡುಗೆ, ಹತ್ತು ವರ್ಷದ ಮಾತು, ನಡುರಾತ್ರಿಯ ಮಲಗುವಿಕೆ, ಅತಿಥಿಗಳಿಗೆ ಮಂಚ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿದ ಮನೆಯವರು. ಬೆಳಗ್ಗೆ ಎಲ್ಲರಿಗೂ ಅವಸರ. ಹೊರಡುವ ಗಡಿಬಿಡಿಯಲ್ಲಿ ಆಡಿದ ಒಂದು ಒರಟು ಮಾತು ಹತ್ತು ವರ್ಷದ ಅಕ್ಕರೆಯನ್ನು ಕೆಡಿಸಬಲ್ಲದು. ಹಡಗಿನಿಂದ ಇಳಿದ ಮೇಲೆ ಎರಡು ದಿನ ಆ ಮನೆಯಲ್ಲಿಯೇ ಉಳಿದರೆ ಬಂಧುತ್ವಕ್ಕೂ ಗೌರವ, ಪ್ರಯಾಣಕ್ಕೂ ಕ್ಷೇಮ. ಬರುವುದಕ್ಕೆ ಮುಂಚಿತವಾಗಿಯೇ ಹಾಗೆಂದು ತಿಳಿಸಿದರೆ ಯಾವ ತಂಗಿಯೂ ಯಾವ ಭಾವನೂ ಮುನಿಯಲಾರರು.

ಇಲ್ಲಿ ಕೆಲವರು, 'ಹೊರಡುವ ಸ್ಥಳದ ಬಳಿ ತಂಗುವುದು ಈಗಿನವರ ಭಯದ ಬುದ್ಧಿ; ಹಿರಿಯರು ಹೀಗೆ ಲೆಕ್ಕ ಹಾಕುತ್ತಿರಲಿಲ್ಲ' ಎನ್ನಬಹುದು. ವಸ್ತುಸ್ಥಿತಿ ಇದಕ್ಕೆ ವಿಪರೀತವಾಗಿದೆ. ಮುಹೂರ್ತಶಾಸ್ತ್ರದಲ್ಲಿ ಪ್ರಸ್ಥಾನವೆಂಬ ವಿಧಿಯುಂಟು: ಒಳ್ಳೆಯ ಹೊತ್ತಿನಲ್ಲಿ ಮನೆ ಬಿಟ್ಟು, ಇಲ್ಲವೆ ತನ್ನ ವಸ್ತುವೊಂದನ್ನಾದರೂ ಹೊರಗೆ ಕಳುಹಿಸಿ, ಬೇರೊಂದು ಸ್ಥಳದಲ್ಲಿಟ್ಟು, ಅಲ್ಲಿಂದ ಯಾತ್ರೆಯನ್ನು ಮುಂದುವರಿಸುವುದು. ಗ್ರಹನಕ್ಷತ್ರಗಳ ಮಾತು ಹಾಗಿರಲಿ. ಮನೆಯ ಹೊಸಿಲಿಗೂ ಯಾತ್ರೆಗೂ ನಡುವೆ ಒಂದು ಮೆಟ್ಟಿಲು ಬೇಕೆಂಬ ಲೋಕಾನುಭವವು ಅದರಲ್ಲಿ ಅಡಗಿದೆ. ಗುಬ್ಬಿ ತೋಟದಪ್ಪನವರು ೧೯೦೩ರಲ್ಲಿ ಬೆಂಗಳೂರಿನಲ್ಲಿ ಛತ್ರವನ್ನು ಸ್ಥಾಪಿಸಿದಾಗ ಅದಕ್ಕೆ ಆರಿಸಿಕೊಂಡ ಸ್ಥಳ ಯಾವುದು? ರೈಲು ನಿಲ್ದಾಣದ ಸಮೀಪ. ಆ ಧರ್ಮಿಷ್ಠರಿಗೆ ಹೂದೋಟದ ನಡುವೆ, ಕೆರೆಯ ದಡದಲ್ಲಿ ಸೊಗಸಾದ ನೆಲ ದೊರೆಯುತ್ತಿರಲಿಲ್ಲವೆ? ಚೆನ್ನೈಯಲ್ಲಿ ರಾಜಾ ಸರ್ ರಾಮಸ್ವಾಮಿ ಮುದಲಿಯಾರರ ಛತ್ರವೂ ಸೆಂಟ್ರಲ್ ನಿಲ್ದಾಣದ ಎದುರಿಗೇ ಎದ್ದಿತು. ಪ್ರಯಾಣಿಕನ ಕಷ್ಟವನ್ನು ಬಲ್ಲ ದಾನಿಗಳು ಮೊದಲು ಸ್ಥಳವನ್ನು ನೋಡಿದರು, ಆಮೇಲೆ ಕಟ್ಟಡವನ್ನು. ಈಗ ಹಣ ಕೊಟ್ಟು ಕೊಳ್ಳುವವರು ಮೊದಲು ಕಟ್ಟಡದ ಚಿತ್ರವನ್ನು ನೋಡುತ್ತಾರೆ, ಸ್ಥಳವನ್ನು ನೋಡುವುದೇ ಇಲ್ಲ.

ಬಂಗಾರಪೇಟೆಯೂ ಇದನ್ನು ಮರೆಯತಕ್ಕದ್ದಲ್ಲ. ಬೌರಿಂಗ್ ಸಾಹೇಬರ ಹೆಸರಿನಿಂದ ಬೌರಿಂಗ್‌ಪೇಟೆಯೆಂದು ಕರೆಯಿಸಿಕೊಂಡ ಆ ಊರು ಬೆಳೆದುದೇ ರೈಲು ಬದಲಾಯಿಸುವವರಿಂದ. ೧೮೯೪ರಲ್ಲಿ ಗಣಿಗಳ ಕಡೆಯ ದಾರಿ, ೧೯೧೩ರಲ್ಲಿ ಕೋಲಾರದ ಕಡೆಯ ಸಣ್ಣ ರೈಲಿನ ದಾರಿ ಅಲ್ಲಿ ಬಂದು ಕೂಡಿದುವು. ಒಂದು ರೈಲಿನಿಂದಿಳಿದು ಮತ್ತೊಂದಕ್ಕೆ ಕಾಯುವವನು ನಿಲ್ದಾಣವನ್ನು ಬಿಟ್ಟು ಎಷ್ಟು ದೂರ ಹೋಗಬಹುದೆಂಬುದು ಆ ಊರಿನ ಹುಡುಗರಿಗೂ ಗೊತ್ತು. ಅದೇ ಜನರು ಚೆನ್ನೈಗೆ ಹೋದೊಡನೆ ಆ ಜ್ಞಾನವನ್ನು ಮನೆಯಲ್ಲಿ ಬಿಟ್ಟುಬಂದವರಂತೆ ವರ್ತಿಸುವುದು ಶೋಚನೀಯ.

ಜಾರ್ಜ್ ಟೌನು ರಮಣೀಯವಾದ ಸ್ಥಳವೆಂದು ಯಾರೂ ವಾದಿಸುವುದಿಲ್ಲ. ಸಗಟು ವ್ಯಾಪಾರದ ಗಲ್ಲಿಗಳು, ಮೂಟೆ ಹೊತ್ತ ಕೈಗಾಡಿಗಳು, ಬಂದರಿನ ಲಾರಿಗಳು, ಇಕ್ಕಟ್ಟು, ಗದ್ದಲ — ಇವೆಲ್ಲ ಅಲ್ಲಿ ಉಂಟು. ಅಲ್ಲಿನ ವಸತಿಗೃಹಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಆ ಗದ್ದಲವನ್ನು ಸಹಿಸಲಾರದವರು ಸೆಂಟ್ರಲ್ ನಿಲ್ದಾಣದ ಸುತ್ತಲಿನ ಪೆರಿಯಮೇಟಿನಲ್ಲಿಯೋ ಎಗ್ಮೋರಿನಲ್ಲಿಯೋ ಇಳಿಯಬಹುದು. ಸೆಂಟ್ರಲ್ ಬಂದರಿಗೆ ಎರಡು ಮೂರು ಕಿಲೋಮೀಟರಿನಷ್ಟೆ. ಬಂಗಾರಪೇಟೆಯ ರೈಲು ನಿಲ್ಲುವುದೂ ಅಲ್ಲಿಯೇ. ೨೦೧೯ರ ಫೆಬ್ರವರಿಯಿಂದ ಸೆಂಟ್ರಲ್ಲಿನಿಂದ ಹೈಕೋರ್ಟು, ಮಣ್ಣಡಿಗಳ ಕಡೆಗೆ ನೆಲದಡಿಯ ಮೆಟ್ರೋ ರೈಲೂ ಓಡುತ್ತಿದೆ. ರಸ್ತೆ ಕಟ್ಟಿದ ದಿನ ಅದು ಕೈಹಿಡಿಯುತ್ತದೆ. ಅದಕ್ಕಿಂತ ದೂರ ಹೋಗುವುದಕ್ಕೆ ತಕ್ಕ ಕಾರಣವನ್ನು ಯಾವ ಪಕ್ಷದವರೂ ಇದುವರೆಗೆ ಹೇಳಿಲ್ಲ.

ಕೋಣೆಯನ್ನು ಗೊತ್ತುಮಾಡುವ ಮುನ್ನ ಗೃಹಸ್ಥರು ಹೊಟೇಲಿನವರನ್ನು ಬಾಯಿಬಿಟ್ಟು ಕೇಳತಕ್ಕ ಪ್ರಶ್ನೆಗಳು ಕೆಲವೇ. ಹಡಗಿನ ಜನರು ಒಳಹೋಗುವ ಬಂದರಿನ ಬಾಗಿಲಿಗೆ ಅಲ್ಲಿಂದ ಎಷ್ಟು ದೂರ? ಲಿಫ್ಟುಂಟೋ, ಇದ್ದರೆ ಕೆಲಸ ಮಾಡುವುದೋ? ಕೋಣೆ ಬಿಟ್ಟ ಮೇಲೆ ಮಧ್ಯಾಹ್ನದವರೆಗೆ ಪೆಟ್ಟಿಗೆಗಳನ್ನಿಡಲು ಒಪ್ಪುವರೋ? ಬೆಳಗ್ಗೆ ಬಿಸಿನೀರು ಎಷ್ಟು ಹೊತ್ತಿಗೆ? ವೃದ್ಧರು ಉಣ್ಣಬಹುದಾದ ಸಪ್ಪೆ ಅಡುಗೆ ಹತ್ತಿರದಲ್ಲಿ ಸಿಗುವುದೋ? ಬಂದರು ದೊಡ್ಡದು, ಅದಕ್ಕೆ ಬಾಗಿಲುಗಳು ಹಲವು. ಆದುದರಿಂದ ಯಾವ ಬಾಗಿಲೆಂಬುದನ್ನು ಹಡಗಿನ ಕಂಪೆನಿಯವರಿಂದಲೇ ಮೊದಲು ತಿಳಿದುಕೊಳ್ಳುವುದು ಅವಶ್ಯಕ. ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡದ ವಸತಿಗೃಹವು ಎಷ್ಟು ಅಗ್ಗವಾದರೂ, ಎಷ್ಟು ಅಂದವಾದರೂ ತ್ಯಾಜ್ಯ.

ಕಡಲನ್ನು ಕಾಣುವ ಆಸೆಯಿಂದ ಹೊರಟ ಮುದುಕ ತಂದೆತಾಯಿಗಳಿಗೆ ಆ ಯಾತ್ರೆ ಬಹುಶಃ ಮೊದಲನೆಯದೂ ಕೊನೆಯದೂ ಆಗಿರುತ್ತದೆ. ಹಿಂದಿನ ರಾತ್ರಿ ನಿದ್ರೆಗೆಟ್ಟು, ಬೆಳಗ್ಗೆ ವಾಹನದಲ್ಲಿ ಬೆವರಿ, ಹೊತ್ತು ಮೀರೀತೆಂದು ಎದೆಗುದಿಯಿಂದ ಬಂದವರು ಹಡಗಿನ ಮೇಲೆ ಮೊದಲ ದಿನವನ್ನು ಹಾಸಿಗೆಯಲ್ಲಿ ಕಳೆಯುತ್ತಾರೆ. ಬಂದರಿನ ಸಮೀಪದಲ್ಲಿ ಸಾಧಾರಣವಾದ ಕೋಣೆಯಲ್ಲಿ ಹೊತ್ತಿಗೆ ಮಲಗಿ ಎದ್ದವರು ದಡವು ಹಿಂದೆ ಸರಿಯುವುದನ್ನು ಅಟ್ಟದ ಮೇಲೆ ನಿಂತು ನೋಡುತ್ತಾರೆ. ಮಕ್ಕಳು ಹಣ ಕೊಡುವುದು ಯಾವುದಕ್ಕೆಂದು ಮೊದಲು ನಿರ್ಧರಿಸಲಿ. ಕೋಣೆಯನ್ನು ಆಮೇಲೆ ಆರಿಸಲಿ.