ಟಿಕೆಟ್ಟೇನೋ ಫ್ರೀ, ಮೆಟ್ಟಿಲು?

ಮೊನ್ನೆ ಭಾನುವಾರ ಅಮ್ಮನ ಜೊತೆ ಜಾಲಹಳ್ಳಿಯಿಂದ ಯಶವಂತಪುರಕ್ಕೆ ಹೊರಟಿದ್ದೆ. ಬಸ್ಸು ಸ್ಟಾಪು ದಾಟಿ ರಸ್ತೆ ನಡುವೆ ನಿಂತಿತು. ನಾನು ಹಾರಿ ಹತ್ತಿದೆ. ಅಮ್ಮನಿಗೆ ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದರಲ್ಲಿ ಚೀಲ. ಕಂಬಿ ಹಿಡಿಯೋಕೆ ಮೂರನೇ ಕೈ ಬೇಕಿತ್ತು! "ಪ್ಯಾಂಟು ಹಾಕೋರು ಮಾಡಿದ ಬಸ್ಸು ಕಣೋ ಇದು" ಅಂದಳು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ನಾನಂತೂ ಅದರ ಪರ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗೋರಿಗೆ ಪಾಸಿನ ದುಡ್ಡು ಉಳಿಯೋದು ಸಣ್ಣ ಮಾತಲ್ಲ. "ಬಸ್ ತುಂಬಾ ಅವರೇ" ಅಂತ ಗೊಣಗುವ ಗೆಳೆಯರಿಗೆ ನನ್ನದೊಂದೇ ಪ್ರಶ್ನೆ: ಇಷ್ಟು ದಿನ ಅವರೆಲ್ಲ ಎಲ್ಲಿದ್ರು? ನಡೀತಿದ್ರು, ಇಲ್ಲಾ ಮನೇಲೇ ಇದ್ರು.

ಆದ್ರೆ ಟಿಕೆಟ್ ತೆಗೆದ ಮಾತ್ರಕ್ಕೆ ಡಿಸೈನ್ ಬದಲಾಗಲ್ಲ ಸ್ವಾಮೀ. ಹತ್ತಲು ಸುಲಭವಾದ, ನೆಲ ತಗ್ಗಿರುವ ವೋಲ್ವೋ ಎಸಿ ಬಸ್ಸು. ಹಾಗಾಗಿ ಅದಕ್ಕೆ ಶಕ್ತಿ ಇಲ್ಲ. ಪುಕ್ಕಟೆ ಬೇಕಾದ್ರೆ ಹೈಜಂಪ್ ಮಾಡಿ! ಈಚೆಗೆ ಬಿಎಂಟಿಸಿಗೆ ಬಂದಿರೋ ಎಸಿ ಇಲ್ಲದ ಎಲೆಕ್ಟ್ರಿಕ್ ಬಸ್ಸುಗಳ ನೆಲ ತಗ್ಗು, ಅದೊಂದು ಸಮಾಧಾನ.

ಇನ್ನು ಮೆಟ್ರೋ. 2015ರಲ್ಲಿ ಶುರುವಾದ ಜಾಲಹಳ್ಳಿ ಸ್ಟೇಷನ್ ಇರೋದು ತುಮಕೂರು ರಸ್ತೇಲಿ, ಊರಿಂದ ದೂರ. ರಾತ್ರಿ ಒಂಬತ್ತಕ್ಕೆ ಇಳಿಯೋ ತಂಗಿಗೆ ಮೊದಲ ಬೋಗಿಯ ಮಹಿಳಾ ಮೀಸಲಿಗಿಂತ ಆಮೇಲಿನ ಬೀದಿದೀಪ ಮುಖ್ಯ. ಅವಳು ಫೋನ್ ಮಾಡ್ತಾಳೆ, ನಾನು ಬೈಕ್ ತಗೊಂಡು ಹೋಗ್ತೀನಿ. ನಮ್ಮ 'ಸಾರ್ವಜನಿಕ ಸಾರಿಗೆ'ಯ ಕೊನೇ ಎರಡು ಕಿಲೋಮೀಟರು ನಾನೇ!

ನಿಮ್ಮ ಏರಿಯಾದಲ್ಲಿ ಹೇಗೆ?