ಹಂಚಿನ ತಳದ ಸೀಕು

“ಥೂ, ಯಾರೋ ಕಕ್ಕಿದ ಹಾಗಿದೆ. ಇದನ್ನೂ ತಿಂತಾರೇನೇ?” ಎಂದರು ನಮ್ಮತ್ತಿಗೆ, ನನ್ನ ಮಗಳ ಕಡೆ ತಿರುಗಿ. 2023ರಲ್ಲಿ ಅವಳ ಮನೆಗೆಂದು ಟೋಕಿಯೊಗೆ ಹೋಗಿದ್ದಾಗ, ತ್ಸುಕಿಶಿಮಾ ದ್ವೀಪದ ಅಂಗಡಿಯೊಂದರಲ್ಲಿ ಕಾದ ಹಂಚಿನ ಮುಂದೆ ಕೂತಿದ್ದೆವು. ಹಂಚಿನ ಮೇಲೆ ಮೊಂಜಾ ಕುದಿಯುತ್ತಿತ್ತು. ನೀರಾದ ಗೋಧಿಹಿಟ್ಟು, ಹೆಚ್ಚಿದ ಎಲೆಕೋಸು, ಸಾಸು, ಒಣಸೀಗಡಿ. ನೋಟಕ್ಕೆ ಚೆನ್ನಾಗಿರಲಿಲ್ಲ, ಒಪ್ಪಿದೆ.

ಸುಮಿದಾ ನದಿ ಕಡಲು ಸೇರುವಲ್ಲಿ ಹೂಳು ಮಣ್ಣು ತುಂಬಿ 1892ರಲ್ಲಿ ಮಾಡಿದ ದ್ವೀಪವಿದು. ಕಾರ್ಖಾನೆಗಳ, ಕೂಲಿಕಾರರ ಸಾಲುಮನೆಗಳ ಊರು. ಇಲ್ಲಿನ ಮಿಠಾಯಿ ಅಂಗಡಿಗಳಲ್ಲಿ ಮಕ್ಕಳು ಪುಡಿಗಾಸು ಕೊಟ್ಟು ತಿನ್ನುತ್ತಿದ್ದ ತಿಂಡಿ ಮೊಂಜಾ. ಹಿಟ್ಟಿನಿಂದ ಹಂಚಿನ ಮೇಲೆ ಅಕ್ಷರ ಬರೆಯುತ್ತಿದ್ದರಂತೆ. ಅಕ್ಷರಕ್ಕೆ ಅವರ ಮಾತಿನಲ್ಲಿ ‘ಮೋಜಿ’, ಅದೇ ಮೊಂಜಾ ಆಯಿತೆನ್ನುತ್ತಾರೆ. ಪಕ್ಕದ ತ್ಸುಕುದಾದಲ್ಲಿ 17ನೇ ಶತಮಾನದಲ್ಲಿ ಒಸಾಕಾ ಕಡೆಯ ಮೀನುಗಾರರು ನೆಲೆಸಿದರು. ಸಣ್ಣಪುಟ್ಟ ಮೀನನ್ನು ಸೋಯಾ ಸಾಸಿನಲ್ಲಿ ಬತ್ತಿಸಿ ಇಟ್ಟುಕೊಂಡರು. ಆ ‘ತ್ಸುಕುದಾನಿ’ ಇಂದು ಜಪಾನಿಗೆಲ್ಲ ಗೊತ್ತು. ಎರಡೂ ಇಲ್ಲದವರ ಜಾಣತನ.

ಮಗಳು ಪುಟ್ಟ ಸಟ್ಟುಗದಿಂದ ತಳ ಹತ್ತಿದ್ದನ್ನು ಕೆರೆದು ಕೊಟ್ಟಳು. “ಅಮ್ಮಾ, ರುಚಿ ಇರೋದೇ ಇದರಲ್ಲಿ.” ಬಾಯಿಗಿಟ್ಟೊಡನೆ ಮುದ್ದೆ ಪಾತ್ರೆಯ ಸೀಕು ನೆನಪಾಯಿತು. ನಮ್ಮವ್ವ ಕೆರೆದು ಕೊಟ್ಟರೆ ನಾವು ಮಕ್ಕಳು ಕಿತ್ತಾಡುತ್ತಿದ್ದೆವು. ಎಷ್ಟೋ ರಾತ್ರಿ ಅವಳ ಪಾಲಿಗೆ ಉಳಿಯುತ್ತಿದ್ದುದೂ ಅಷ್ಟೇ. ಮದುವೆಯಾಗಿ ಪಟ್ಟಣಕ್ಕೆ ಬಂದ ನಾನು ಮಾಡಿದ್ದೇನು? ಅಕ್ಕಪಕ್ಕದವರು ಕಂಡಾರೆಂದು ಪಾತ್ರೆಗೆ ನೀರು ಸುರಿದೆ. ನೆಂಟರು ಬಂದರೆ ಮುದ್ದೆಯನ್ನೇ ಮುಚ್ಚಿಟ್ಟೆ. ನನ್ನ ಮಗಳಿಗೆ ಸೀಕಿನ ರುಚಿ ಹತ್ತಿದ್ದು ಟೋಕಿಯೊದಲ್ಲಿ!

ಅತ್ತಿಗೆಯನ್ನು ದೂರಲಾರೆ. ಆ “ಥೂ” ನನ್ನದೂ ಆಗಿತ್ತಲ್ಲ. ಒಗ್ಗದ್ದನ್ನು ಯಾರೂ ತಿನ್ನಬೇಕಿಲ್ಲ. ನೇಮ, ನಾಲಿಗೆ ಅವರವರದು. ಆದರೆ ಇನ್ನೊಬ್ಬರ ತಟ್ಟೆಗೆ ಮೂಗು ಮುರಿಯುವುದು ನಾಲಿಗೆಯ ಮಾತಲ್ಲ; ಜಾತಿಯ ಮಾತು, ದುಡ್ಡಿನ ಮಾತು. ಅದನ್ನು ಮಕ್ಕಳಿಗೆ ಕಲಿಸುವವರು ಯಾರು? ಅಡುಗೆಮನೆಯಲ್ಲಿ ನಿಂತ ನಾವೇ. ಶಾಲೆಯಲ್ಲಿ ಡಬ್ಬಿ ತೆರೆಯಲು ನಾಚಿ ಮೂಲೆಗೆ ಸರಿಯುವ ಮಗುವಿಗೆ ನಮ್ಮ ಮನೆಯ “ಥೂ” ತಾಗಿರುತ್ತದೆ.

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ ಈಗ ನಮ್ಮತ್ತಿಗೆಯ ಮನೆಯಲ್ಲೂ ರಾತ್ರಿ ಮುದ್ದೆ. ನೆಂಟರೆದುರೂ ಬಡಿಸುತ್ತಾರೆ. ಸಂತೋಷವೇ. ಆದರೆ ಅವ್ವ ಹೇಳಿದಾಗಲೇ ನಾವು ಕೇಳಬಾರದಿತ್ತೆ?